ಗೋಕಾವಿಯ ಕಲ್ಲೂ ನೆಲದೊಳಗಿನ ಉರಿಯನಿಲವೂ

ಕಳೆದ ಬೇಸಿಗೆಯಲ್ಲಿ ಕಾರ್ಯನಿಮಿತ್ತವಾಗಿ ನಾವು ಮೂಡಲಗಿಯ ಸೀಮೆಗೆ ಹೋಗಬೇಕಾಗಿ ಬಂದಿತು. ನಾವು ಇಳಿದುಕೊಂಡಿದ್ದ ಮನೆಯ ಯಜಮಾನರು ಇಬ್ಬರು ಅಣ್ಣತಮ್ಮಂದಿರು. ಅವರಿಗೆ ಕೂಡಿಯೇ ಹದಿನಾಲ್ಕು ಎಕರೆ ಎರೆಹೊಲವುಂಟು. ಅರ್ಧಕ್ಕೆ ಕಬ್ಬು, ಉಳಿದುದಕ್ಕೆ ಗೋವಿನಜೋಳ ಹಾಗೂ ಅರಿಸಿನ. ದನದ ಕೊಟ್ಟಿಗೆಯ ಹಿಂದಿನ ಹಳೆಯ ಬಾವಿಯಲ್ಲಿ ಕೆಲವು ದಿನಗಳಿಂದ ನೀರು ತಳಕ್ಕೆ ಇಳಿದು, ಆ ನೀರಿನ ಮೇಲೆ ಸಣ್ಣ ಸಣ್ಣ ಗುಳ್ಳೆಗಳು ಎದ್ದು ಒಡೆಯುತ್ತಿದ್ದುವು. ಒಬ್ಬ ದಲ್ಲಾಳಿಯು ಅದನ್ನು ಕಂಡು, "ನಿಮ್ಮ ಹೊಲದ ಬುಡಕ ಶೇಲ್ ಗ್ಯಾಸ್ ಐತ್ರಿ, ಅಮೆರಿಕಾದಾಗ ಸಿಕ್ಕಂಥಾದ್ದು. ಯಾದಿಯೊಳಗ ಹೆಸರ ಹಚ್ಚಸ್ರಿ, ನಾಕೈದು ವರ್ಷ ತಡೀರಿ, ಆಮ್ಯಾಲ ನೋಡ್ರಿ" ಎಂದು ಹೇಳಿಹೋಗಿದ್ದನು. ಯಾದಿಯಲ್ಲಿ ಹೆಸರು ಹಚ್ಚಿಸುವುದಕ್ಕೆ ಮುಂಗಡವಾಗಿ ಸ್ವಲ್ಪ ಹಣ ಬೇಕೆಂಬುದನ್ನೂ ಅವನು ಸೂಚಿಸದೆ ಬಿಟ್ಟಿರಲಿಲ್ಲ.

ತಮ್ಮನಿಗೆ ಸಾಲವಿದ್ದಿತು. ವಾಟಣಿ ಮಾಡಿಕೊಂಡು ತನ್ನ ಪಾಲಿನ ಮೂರು ಎಕರೆಯನ್ನು ಈ ವರುಷವೇ ಮಾರಿ ಋಣಮುಕ್ತನಾಗಬೇಕೆಂದು ಅವನ ಹಟ. ನೆಲದಡಿಯಲ್ಲಿ ಭಾಗ್ಯವಿರುವಾಗ ನೆಲವನ್ನು ಮಾರುವವನು ಹುಚ್ಚನೆಂದು ಅಣ್ಣನ ವಾದ. ನಾವು ಹೋದ ಹೊತ್ತಿಗೆ ಅಡಿಗೆಯ ಒಲೆ ಒಂದೇ ಇದ್ದರೂ ಊಟದ ಪಂಕ್ತಿ ಎರಡಾಗಿ ಎಂಟು ದಿನವಾಗಿದ್ದಿತು. ಮನೆಯ ಹಿರಿಯ ಸೊಸೆಯು ನಮಗೆ ರೊಟ್ಟಿ ಬಡಿಸುತ್ತ, "ನೀವು ಓದಿದವರು ಅದೀರಿ. ಖರೇನ ಇರತೈತೇನ್ರಿ ಗ್ಯಾಸು?" ಎಂದು ಕೇಳಿದಳು. ಅಂದು ನಮಗೆ ಸರಿಯಾದ ಉತ್ತರ ಹೊಳೆಯಲಿಲ್ಲ. ಊರಿಗೆ ಮರಳಿದ ತರುವಾಯ ಭೂಗರ್ಭಶಾಸ್ತ್ರದ ಗ್ರಂಥಗಳನ್ನು ತಿರುವಿಹಾಕಿ, ಬಲ್ಲವರನ್ನು ಕೇಳಿ ತಿಳಿದುಕೊಂಡುದನ್ನು ಆ ಮನೆಯವರಿಗೆ ಪತ್ರರೂಪದಲ್ಲಿ ಬರೆದೆವು. ಇಂಥ ಪ್ರಶ್ನೆ ಬೇರೆ ಮನೆಗಳಲ್ಲಿಯೂ ಏಳಬಹುದಾದುದರಿಂದ ಅದನ್ನೇ ಇಲ್ಲಿ ಸ್ವಲ್ಪ ವಿಸ್ತರಿಸಿ ವಾಚಕರ ಮುಂದೆ ಇರಿಸಿರುವೆವು.

ಶೇಲ್ ಎಂದರೆ ಬೇರೇನೂ ಅಲ್ಲ, ಕಲ್ಲಾಗಿ ಹೋದ ಕೆಸರು. ಕನ್ನಡದಲ್ಲಿ ಅದನ್ನು ಜೇಡಿಶಿಲೆ ಎನ್ನುವರು. ಬಹು ಪ್ರಾಚೀನ ಕಾಲದಲ್ಲಿ ಸಮುದ್ರದ ಇಲ್ಲವೆ ಸರೋವರದ ತಳದಲ್ಲಿ ನಯವಾದ ಜೇಡಿಮಣ್ಣು ಪದರ ಪದರವಾಗಿ ಇಳಿದು, ಮೇಲಿನ ಭಾರದಿಂದ ಹಿಂಡಲ್ಪಟ್ಟು ಗಟ್ಟಿಯಾದುದೇ ಜೇಡಿಶಿಲೆ. ಬುಟ್ಟಿಯಲ್ಲಿ ಒಂದರ ಮೇಲೊಂದು ಪೇರಿಸಿದ ರೊಟ್ಟಿಗಳಂತೆ ಅದು ತೆಳುವಾದ ಹಾಳೆಗಳಾಗಿ ಸೀಳುತ್ತದೆ. ಕೆಸರಿನೊಡನೆ ಆ ನೀರಿನಲ್ಲಿ ಬದುಕಿ ಸತ್ತ ಸೂಕ್ಷ್ಮಜೀವಿಗಳ ಕಳೇಬರಗಳೂ ಹೂತುಹೋಗಿರುತ್ತವೆ. ನೆಲದೊಳಗಿನ ಶಾಖದಲ್ಲಿ ಆ ಜೀವಾಂಶವು ಬೆಂದು ಮೊದಲು ಎಣ್ಣೆಯೂ ಅನಂತರ ಉರಿಯುವ ಅನಿಲವೂ ಆಗುವುದು. ನಮ್ಮ ಹಿತ್ತಿಲಿನ ಗೋಬರ್ ಗ್ಯಾಸಿನಲ್ಲಿರುವ ಮೀಥೇನೇ ಈ ಅನಿಲದ ಮುಖ್ಯ ಭಾಗ.

ಹೀಗೆ ಹುಟ್ಟಿದ ಅನಿಲದಲ್ಲಿ ಕೆಲವಂಶವು ತನ್ನ ತವರು ಶಿಲೆಯನ್ನು ಬಿಟ್ಟು ಮೇಲಕ್ಕೆ ಸರಿದು, ಸಂದುಸಂದಿರುವ ಮರಳುಗಲ್ಲನ್ನು ಹೊಕ್ಕು, ಅದರ ಮೇಲೆ ಬಿಗಿಯಾದ ಮುಚ್ಚಳದಂತಹ ಶಿಲೆಯಿದ್ದರೆ ಅಲ್ಲಿಯೇ ನಿಂತುಬಿಡುವುದು. ನೂರಾರು ವರ್ಷಗಳಿಂದ ಜನರು ಕೊರೆದು ತೆಗೆದುದು ಬಹುಮಟ್ಟಿಗೆ ಇಂಥದನ್ನೇ. ತವರನ್ನು ಬಿಟ್ಟು ಹೊರಡಲಾರದೆ ಹುಟ್ಟಿದ ಶಿಲೆಯಲ್ಲಿಯೇ ಸಿಕ್ಕಿಬಿದ್ದ ಉಳಿದಂಶವೇ ಶೇಲ್ ಗ್ಯಾಸು. ೧೮೨೧ರಷ್ಟು ಹಿಂದೆಯೇ ಅಮೆರಿಕದ ನ್ಯೂಯಾರ್ಕ್ ಸಂಸ್ಥಾನದ ಫ್ರೆಡೋನಿಯಾ ಎಂಬ ಊರಿನಲ್ಲಿ ವಿಲಿಯಂ ಹಾರ್ಟ್ ಎಂಬವನು ಜೇಡಿಶಿಲೆಯಲ್ಲಿ ಬಾವಿ ತೋಡಿ ಅಂಥ ಅನಿಲದಿಂದ ದೀಪ ಉರಿಸಿದ್ದನು. ಆದರೂ ಅದು ಬಹುಕಾಲ ಅಲ್ಪ ಪ್ರಮಾಣದ ಉದ್ಯಮವಾಗಿಯೇ ಉಳಿದಿತ್ತು. ಟೆಕ್ಸಾಸಿನ ಬಾರ್ನೆಟ್ ಎಂಬ ಜೇಡಿಶಿಲೆಯಲ್ಲಿ ಜಾರ್ಜ್ ಮಿಚೆಲ್ ಎಂಬ ಉದ್ಯಮಿಯ ಕಂಪನಿಯವರು ೧೯೮೧ರಿಂದ ಹದಿನೇಳು ವರ್ಷ ಕೊರೆದು ಕೊರೆದು, ೧೯೯೮ರ ಸುಮಾರಿಗೆ ಅತಿ ಒತ್ತಡದ ನೀರಿನಿಂದ ಬಂಡೆಯನ್ನು ಬಿರಿಯಿಸುವ ಅಗ್ಗದ ಉಪಾಯವನ್ನು ಕಂಡುಕೊಂಡ ಮೇಲೆ ಲೋಕದ ಕಣ್ಣು ಈ ಕಡೆಗೆ ತಿರುಗಿತು. ಹದಿನೇಳು ವರ್ಷವೆಂಬ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ನಾಲ್ಕೈದು ವರ್ಷದ ಆಸೆ ತೋರಿಸುವವರಿಗೆ ಇದು ತಿಳಿದಿರುವುದಿಲ್ಲ.

ಜೇಡಿಶಿಲೆ ಇದ್ದಲ್ಲೆಲ್ಲ ಅನಿಲವಿರುವುದೇ? ಇಲ್ಲ. ಮೊದಲು ಕೆಸರಿನಲ್ಲಿ ಜೀವಾಂಶ ಬೇಕು. ಶಿಲೆಯ ತೂಕದಲ್ಲಿ ನೂರಕ್ಕೆ ಎರಡು ಪಾಲಾದರೂ ಜೀವಮೂಲದ ಇಂಗಾಲವಿದ್ದರೆ ಒಳ್ಳೆಯ ಶಿಲೆಯೆಂದು ಪರಿಣತರು ಎಣಿಸುವರು. ಅದು ಉಳಿಯಬೇಕಾದರೆ ನೀರು ನಿಶ್ಚಲವಾಗಿರಬೇಕು. ತಳದಲ್ಲಿ ಪ್ರಾಣವಾಯು ಇರಬಾರದು. ಅಲೆ ಹೊಡೆಯುವ, ಗಾಳಿ ಬೆರೆಯುವ ನೀರಿನಲ್ಲಿ ಸತ್ತ ಜೀವಿಗಳೆಲ್ಲ ಕೊಳೆತು ಕರಗಿ ಹೋಗುವುವು. ಆದಕಾರಣವೇ ಶೋಧಕರು ಕಲ್ಲಿನ ಬಣ್ಣವನ್ನು ಮೊದಲು ನೋಡುವರು. ಕಪ್ಪು ಜೇಡಿಶಿಲೆ ಆಸೆಯನ್ನು ಹುಟ್ಟಿಸುವುದು. ಕೆಂಪು, ನೇರಳೆ ಬಣ್ಣದ್ದು ಕಬ್ಬಿಣಾಂಶಕ್ಕೆ ಪ್ರಾಣವಾಯು ತಗುಲಿದುದರ ಗುರುತಾದುದರಿಂದ ಆಸೆಯನ್ನು ತಗ್ಗಿಸುವುದು.

ಆಮೇಲಿನದು ಶಾಖದ ಮಾತು. ಇದನ್ನು ಗೋಕಾವಿಯವರಿಗೆ ತಿಳಿಸುವುದು ಸುಲಭ. ಅವರೆಲ್ಲರೂ ಕರದಂಟಿನ ಪಾಕವನ್ನು ಬಲ್ಲವರು. ಬೆಲ್ಲದ ಪಾಕ ಎಳೆಯದಾಗಿದ್ದಾಗಲೇ ಇಳಿಸಿದರೆ ಉಂಡೆ ಕಟ್ಟುವುದಿಲ್ಲ; ಹದ ಮೀರಿದರೆ ಸೀದು ಕಹಿಯಾಗುವುದು; ನಡುವಿನ ಕೆಲವು ನಿಮಿಷಗಳಷ್ಟೇ ಹದ. ನೆಲದೊಳಗೂ ಹೀಗೆಯೇ. ಒಂದು ಕಿಲೋಮೀಟರು ಆಳಕ್ಕೆ ಹೋದಂತೆಲ್ಲ ಶಾಖವು ಸಾಮಾನ್ಯವಾಗಿ ೨೫ರಿಂದ ೩೦ ಡಿಗ್ರಿಗಳಷ್ಟು ಏರುವುದು. ಸುಮಾರು ೬೦ರಿಂದ ೧೨೦ ಡಿಗ್ರಿಗಳವರೆಗೆ ಜೀವಾಂಶವು ಎಣ್ಣೆಯಾಗುವುದು. ಅಲ್ಲಿಂದ ಮೇಲಕ್ಕೆ ೨೦೦ರ ಆಚೀಚೆಯವರೆಗೆ ಅನಿಲ. ಅದನ್ನೂ ಮೀರಿ ಬೆಂದರೆ ಉಳಿಯುವುದು ಸೀದ ಇಂಗಾಲ ಮಾತ್ರ. ನೆಲದ ಪಾಕದಲ್ಲಿ ಒಂದು ವಿಶೇಷವುಂಟು: ಶಾಖವಲ್ಲದೆ ಕಾಲವೂ ಅಲ್ಲಿ ಉರಿಯ ಕೆಲಸ ಮಾಡುವುದು. ಕೋಟ್ಯಂತರ ವರ್ಷ ಒಲೆಯ ಮೇಲೆ ಕುಳಿತ ಪಾತ್ರೆಗೆ ಸಣ್ಣ ಉರಿಯೂ ಸಾಕು.

ಇಷ್ಟಾದರೂ ಸಾಲದು. ಶಿಲೆ ಹತ್ತಾರು ಮೀಟರಾದರೂ ದಪ್ಪವಿದ್ದು ಬಹುದೂರದವರೆಗೆ ಹರಡಿರಬೇಕು. ಅದರೊಳಗಿನ ಸಂದುಗಳು ತಲೆಗೂದಲಿನ ಸಾವಿರದಲ್ಲೊಂದು ಪಾಲಿಗಿಂತಲೂ ಸಣ್ಣವಾಗಿರುವುದರಿಂದ ಅನಿಲವು ತಾನಾಗಿ ಹೊರಬರಲಾರದು, ಬಂಡೆಯನ್ನು ಬಿರಿಯಿಸಲೇಬೇಕು. ಬಿರಿಯಬೇಕಾದರೆ ಶಿಲೆ ಕಡಕ್ ರೊಟ್ಟಿಯಂತಿರಬೇಕು, ಬಿಸಿ ರೊಟ್ಟಿಯಂತಲ್ಲ. ಬೆಣಚಿನ ಅಂಶ ಹೆಚ್ಚಿರುವ ಜೇಡಿಶಿಲೆ ಪಟಕ್ಕನೆ ಮುರಿಯುವುದು. ಬರಿಯ ಜೇಡಿ ಹೆಚ್ಚಿದ್ದರೆ ಮಡಿಚಿಕೊಳ್ಳುವುದೇ ಹೊರತು ಬಿರುಕು ನಿಲ್ಲುವುದಿಲ್ಲ. ಕೊನೆಯದಾಗಿ, ಅನಿಲ ಹುಟ್ಟಿದಂದಿನಿಂದ ಇಂದಿನವರೆಗೆ ಆ ಪ್ರದೇಶ ಅಲುಗದೆ ಇದ್ದಿರಬೇಕು. ಬೆಟ್ಟಗಳೆದ್ದು, ಪದರಗಳು ಮುರಿದು ಸವೆದುಹೋದಲ್ಲಿ, ಸಿಕ್ಕಿಬಿದ್ದ ಅನಿಲಕ್ಕೆ ಬಾಗಿಲು ತೆರೆದಂತೆಯೇ ಸರಿ.

ಇನ್ನು ನಮ್ಮ ನೆಲಕ್ಕೆ ಬರೋಣ. ಗೋಕಾವಿಯ ಜಲಪಾತವನ್ನು ನೋಡದ ಕನ್ನಡಿಗರು ಕಡಿಮೆ. ಘಟಪ್ರಭೆಯು ಸುಮಾರು ೧೭೦ ಅಡಿ ಎತ್ತರದಿಂದ ಧುಮುಕುವ ಆ ಕೊರಕಲಿನ ಗೋಡೆಯೇ ಪದರಶಿಲೆಗಳ ತೆರೆದ ಪುಸ್ತಕ. ಕೆಂಪು ನಸುಗೆಂಪು ಬಣ್ಣದ ಗಟ್ಟಿ ಮರಳುಗಲ್ಲು ಅಡ್ಡಗೆರೆಗಳಾಗಿ ಒಂದರ ಮೇಲೊಂದು ಕುಳಿತಿರುವುದನ್ನು ಅಲ್ಲಿ ಯಾರು ಬೇಕಾದರೂ ಕಾಣಬಹುದು. ಇದು ಕಲಾದಗಿ ದ್ರೋಣಿಯ ಕಲ್ಲು. ದ್ರೋಣಿಯೆಂದರೆ ನೆಲದ ದೊಡ್ಡದೊಂದು ಬೋಗುಣಿ; ಒಂದು ಕಾಲಕ್ಕೆ ಅದು ಆಳವಿಲ್ಲದ ಸಮುದ್ರವಾಗಿ, ನದಿಗಳು ತಂದು ಸುರಿದ ಮರಳನ್ನೂ ಕೆಸರನ್ನೂ ನುಂಗುತ್ತ ನುಂಗುತ್ತ ತಗ್ಗುತ್ತಲೇ ಹೋದುದು. ಬಾಗಲಕೋಟೆಗೆ ಹತ್ತಿರದ ಕಲಾದಗಿಯು ಈಗ ದಾಳಿಂಬೆ, ಚಿಕ್ಕುಗಳಿಗೆ ಹೆಸರಾದ ಊರು. ಒಂದಾನೊಂದು ಕಾಲಕ್ಕೆ ಜಿಲ್ಲೆಯ ಮುಖ್ಯಸ್ಥಳವೂ ಆಗಿದ್ದಿತು. ಭಾರತೀಯ ಭೂವಿಜ್ಞಾನ ಸರ್ವೇಕ್ಷಣ ಇಲಾಖೆಯ ರಾಬರ್ಟ್ ಬ್ರೂಸ್ ಫೂಟ್ ಎಂಬ ವಿದ್ವಾಂಸರು ದಕ್ಷಿಣ ಮಹಾರಾಷ್ಟ್ರವೆಂದು ಆಗ ಕರೆಯಿಸಿಕೊಳ್ಳುತ್ತಿದ್ದ ಈ ನಾಡನ್ನೆಲ್ಲ ಸುತ್ತಿ, ೧೮೭೬ರಲ್ಲಿ ದೊಡ್ಡ ಗ್ರಂಥವನ್ನು ಪ್ರಕಟಿಸಿದರು. ಕಲಾದಗಿಯ ಹೆಸರು ಈ ಶಿಲೆಗಳಿಗೆ ನಿಂತುದು ಅಂದಿನಿಂದ. ಸವದತ್ತಿ, ಯರಗಟ್ಟಿ, ಲೋಕಾಪುರ, ಬಾದಾಮಿ ಮೊದಲಾದ ಊರುಗಳೂ ಈ ಶಾಸ್ತ್ರದಲ್ಲಿ ಪದರಗಳ ಹೆಸರಾಗಿ ದೇಶವಿದೇಶಗಳ ಪುಸ್ತಕಗಳಲ್ಲಿ ನಿಂತಿವೆ. ಆ ಊರಿನವರಿಗೇ ಇದು ಗೊತ್ತಿಲ್ಲದಿರುವುದು ನಮಗೆ ಸೋಜಿಗವೆನಿಸಿತು.

ಬೇರೆ ಬೇರೆ ಎಡೆಗಳಲ್ಲಿ ಅಳೆದ ಪದರಗಳನ್ನೆಲ್ಲ ಕೂಡಿಸಿದರೆ ಕಲಾದಗಿ ಶಿಲೆಗಳ ದಪ್ಪವು ನಾಲ್ಕು ಕಿಲೋಮೀಟರನ್ನು ಮೀರುವುದು. ಅವುಗಳಲ್ಲಿ ಮರಳುಗಲ್ಲು, ಬೆಣಚುಶಿಲೆ, ಸುಣ್ಣದ ಕಲ್ಲು, ಡೋಲೊಮೈಟು, ಜೇಡಿಶಿಲೆ ಎಲ್ಲವೂ ಉಂಟು. ಲೋಕಾಪುರ, ಬಾಗಲಕೋಟೆಗಳ ಸಿಮೆಂಟಿನ ಕಾರಖಾನೆಗಳು ಈ ಸುಣ್ಣದ ಕಲ್ಲನ್ನೇ ನಂಬಿರುವುವು. ವಯಸ್ಸನ್ನು ಹೇಳುವುದಾದರೆ, ಕೆಳಗಿನ ಬಾಗಲಕೋಟೆ ಸಮೂಹದ ಪದರಗಳು ನೂರು ಕೋಟಿ ವರ್ಷಗಳಿಗಿಂತಲೂ ಹಿಂದಿನವು. ನೆಲದ ಮೇಲೆ ಹುಲ್ಲಾಗಲಿ ಮರವಾಗಲಿ ಹುಟ್ಟಿ ಇನ್ನೂ ಐವತ್ತು ಕೋಟಿ ವರ್ಷವೂ ತುಂಬಿಲ್ಲ. ಆದುದರಿಂದ ಇಲ್ಲಿ ಕಲ್ಲಿದ್ದಲಿನ ಮಾತೇ ಇಲ್ಲ. ಮೀನು, ಶಂಖ, ಕಪ್ಪೆಚಿಪ್ಪುಗಳೂ ಆಗ ಇರಲಿಲ್ಲ. ಇದ್ದುವು ಪಾಚಿಯ ಜಾತಿಯ ಸೂಕ್ಷ್ಮಜೀವಿಗಳು ಮಾತ್ರ. ಅವು ಪದರ ಪದರವಾಗಿ ಬೆಳೆದು ಬಿಟ್ಟುಹೋದ ಗುಮ್ಮಟದಂತಹ ಗುರುತುಗಳು ಕಲಾದಗಿಯ ಡೋಲೊಮೈಟಿನಲ್ಲಿ ಕಂಡುಬರುತ್ತವೆ; ಅಡ್ಡಲಾಗಿ ಕೊಯ್ದ ಉಳ್ಳಾಗಡ್ಡಿಯನ್ನು ನೆನಪಿಗೆ ತರುವ ಆ ವರ್ತುಲಗಳಿಗೆ ಸ್ಟ್ರೋಮಟೊಲೈಟುಗಳೆಂದು ಹೆಸರು.

ಅಷ್ಟು ಹಳೆಯ ಪಾಚಿಯಿಂದ ಅನಿಲವಾಗುವುದುಂಟೇ ಎಂದು ಕೇಳಬಹುದು. ಉಂಟು. ಉತ್ತರ ಆಸ್ಟ್ರೇಲಿಯದ ಬೀಟಲೂ ಎಂಬಲ್ಲಿ ಸುಮಾರು ೧೪೦ ಕೋಟಿ ವರ್ಷದ ಕಪ್ಪು ಜೇಡಿಶಿಲೆಯನ್ನು ೨೦೧೬ರಲ್ಲಿ ಬಿರಿಯಿಸಿದಾಗ ಅನಿಲ ಹರಿದುಬಂದಿತು. ನಮ್ಮ ದೇಶದಲ್ಲಿಯೇ ಮಧ್ಯಪ್ರದೇಶದ ದಮೋಹದ ಕಡೆಗೆ, ಕಲಾದಗಿಯ ದಾಯಾದಿಗಳೆನ್ನಬಹುದಾದ ವಿಂಧ್ಯಶಿಲೆಗಳಲ್ಲಿ ಒ.ಎನ್.ಜಿ.ಸಿ.ಯವರ ಬಾವಿಗಳಿಗೆ ಅನಿಲ ಸಿಕ್ಕಿರುವುದು. ಮುದಿತನವೊಂದೇ ಅಡ್ಡಿಯಲ್ಲವೆಂದಾಯಿತು. ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನ ಸಂಸ್ಥೆಯವರು ಭೀಮಾ ಹಾಗೂ ಕಲಾದಗಿ ದ್ರೋಣಿಗಳ ಮೇಲ್ಮಣ್ಣನ್ನು ಪರೀಕ್ಷಿಸಿ, ಅದಕ್ಕೆ ಅಂಟಿಕೊಂಡಿದ್ದ ಮೀಥೇನ್ ಮೊದಲಾದ ಅನಿಲಗಳ ಅತ್ಯಲ್ಪವಾದ ಕಣಗಳನ್ನು ಕಂಡು ೨೦೧೦ರಲ್ಲಿ ಪ್ರಕಟಿಸಿದ್ದೂ ಉಂಟು. ದಲ್ಲಾಳಿಗಳ ಮಾತು ಪೂರಾ ಗಾಳಿಯಿಂದ ಹುಟ್ಟಿದುದಲ್ಲವೆಂಬುದಕ್ಕೆ ಇದನ್ನು ಹೇಳಬೇಕಾಯಿತು. ಆದರೆ ಒಗ್ಗರಣೆಯ ವಾಸನೆ ಬಂದ ಮಾತ್ರಕ್ಕೆ ಪಾತ್ರೆಯಲ್ಲಿ ಎಷ್ಟು ಸಾರಿದೆಯೆಂದು ಹೇಳಲಾಗುವುದಿಲ್ಲ.

ಈಗ ಒಂದೊಂದು ನಿಬಂಧನೆಯನ್ನೂ ಗೋಕಾವಿ, ಮೂಡಲಗಿ, ಹುಕ್ಕೇರಿಗಳಿಗೆ ಹಚ್ಚಿ ನೋಡೋಣ. ದ್ರೋಣಿಯುಂಟು, ದಪ್ಪವಾದ ಪದರಗಳುಂಟು, ಜೇಡಿಶಿಲೆಯುಂಟು. ಆದರೆ ಗೋಕಾವಿಯ ಗುಡ್ಡಗಳಲ್ಲಿ ಕಣ್ಣಿಗೆ ಹೆಚ್ಚಾಗಿ ಬೀಳುವುದು ಮರಳಿನಿಂದಾದ ಕಲ್ಲು. ಹೊಳೆಯ ಮರಳಿನ ಮೇಲೆ ನೀರು ಬರೆದಂತಹ ತೆರೆಗಳ ಗುರುತು ಕಲಾದಗಿಯ ಮರಳುಗಲ್ಲಿನ ಚಪ್ಪಡಿಗಳ ಮೇಲೆ ಅಚ್ಚೊತ್ತಿದಂತೆ ಉಳಿದಿರುತ್ತದೆ. ಮನೆಯ ಅಂಗಳಕ್ಕೆ ಹಾಸಿದ ಕಲ್ಲಿನಲ್ಲಿಯೂ ಇದನ್ನು ಕೆಲವರು ಕಂಡಿರಬಹುದು. ಮಕ್ಕಳಿಗೆ ಅದನ್ನು ತೋರಿಸಿ, ನೂರು ಕೋಟಿ ವರ್ಷದ ಹಿಂದಿನ ಅಲೆಯಿದು ಎಂದು ಹೇಳಿದರೆ ಅವರ ಬೆರಗಿಗೆ ಪಾರವಿರುವುದಿಲ್ಲ. ಆದರೆ ಅನಿಲವನ್ನು ಅರಸುವವನಿಗೆ ಆ ತೆರೆಗುರುತು ಶುಭಶಕುನವಲ್ಲ. ಅದು ಆಳವಿಲ್ಲದ, ಸದಾ ಅಲುಗುವ ನೀರಿನ ಸಾಕ್ಷಿ; ಜೀವಾಂಶ ಉಳಿಯಲು ಬೇಕಾದ ನಿಶ್ಚಲ ತಳದ್ದಲ್ಲ. ಜೇಡಿಶಿಲೆಯ ಪದರಗಳಲ್ಲಿಯೂ ನೇರಳೆ ಬಣ್ಣದವು ಹಲವು.

ಶಾಖದ ಲೆಕ್ಕವೂ ಇಲ್ಲಿ ತೊಡಕಿನದೇ. ಕೆಳಗಿನ ಬಾಗಲಕೋಟೆ ಸಮೂಹದ ಪದರಗಳು ಒಂದು ಕಾಲದಲ್ಲಿ ಕಿಲೋಮೀಟರುಗಟ್ಟಲೆ ಭಾರದಡಿಯಲ್ಲಿ ಹೂತು, ಅನಂತರ ಮಡಿಕೆಮಡಿಕೆಯಾಗಿ ಮುದುರಿಕೊಂಡುವು. ಕೆಲವೆಡೆ ಜೇಡಿಶಿಲೆಯು ಶಾಲೆಯ ಮಕ್ಕಳ ಪಾಟಿಯ ಕಲ್ಲಿನಂತೆ ಮಾರ್ಪಟ್ಟಿದೆ. ಪಾಕವು ಹದ ಮೀರಿತೆಂಬುದಕ್ಕೆ ಇಂಥ ಕಲ್ಲು ಒಂದು ಸೂಚನೆ.

ಇದೆಲ್ಲಕ್ಕಿಂತ ಮುಖ್ಯವಾದುದು ಬೇರೊಂದಿದೆ. ಬಾಗಲಕೋಟೆ ಸಮೂಹದ ಪದರಗಳು ಮಡಿಚಿ ಓರೆಯಾಗಿ ನಿಂತಿದ್ದರೆ, ಅವುಗಳ ಮೇಲೆ ಬಾದಾಮಿ ಸಮೂಹದ ಪದರಗಳು ಹಾಸಿಗೆಯಂತೆ ಮಟ್ಟಸವಾಗಿ ಮಲಗಿವೆ. ಇದರ ಅರ್ಥವೇನು? ಕೆಳಗಿನವು ಕಲ್ಲಾಗಿ, ಮಡಿಚಿ, ಸಮುದ್ರದಿಂದ ಮೇಲೆದ್ದು, ಬಿಸಿಲುಮಳೆಗೆ ಸವೆದು ಚಪ್ಪಟೆಯಾದ ಎಷ್ಟೋ ಕಾಲದ ಮೇಲೆ ಮತ್ತೆ ನೀರು ಬಂದು ಹೊಸ ಮರಳು ಬಿದ್ದಿತು. ನಡುವೆ ಹೋದ ಕಾಲವೆಷ್ಟೋ ಕೋಟಿ ವರ್ಷ. ಅಷ್ಟು ಕಾಲ ಮನೆಯ ಮಾಳಿಗೆ ಹಾರಿಹೋಗಿ ಗೋಡೆಗಳು ಬಯಲಿಗೆ ಬಿದ್ದಿದ್ದುವೆಂದರೆ, ಒಳಗಿನ ಗಂಟು ಉಳಿದಿರುವುದೆಂದು ಯಾರು ಹೊಣೆಯಾಗುವರು? ಮೇಲಿನ ಬಾದಾಮಿ ಪದರಗಳಾದರೋ ಕೆಲವು ನೂರು ಮೀಟರಿಗಿಂತ ದಪ್ಪವಿಲ್ಲ; ಅವುಗಳಿಗೆ ಬೇಯುವಷ್ಟು ಭಾರವೇ ಬಿದ್ದಂತೆ ಕಾಣುವುದಿಲ್ಲ.

ಆಮೇಲೆ, ಸುಮಾರು ಆರೂವರೆ ಕೋಟಿ ವರ್ಷದ ಹಿಂದೆ, ನೆಲ ಬಿರಿದು ಬೆಂಕಿಯ ಪ್ರವಾಹಗಳು ಹರಿದುಬಂದುವು. ದಖನ್ನಿನ ಕರಿಕಲ್ಲಿನ ಹಾಸು ಹುಟ್ಟಿದುದು ಹೀಗೆ. ಗೋಕಾವಿಯು ಆ ಹಾಸಿನ ಅಂಚಿನಲ್ಲಿರುವುದರಿಂದ ಅಲ್ಲಿ ಕಲಾದಗಿಯ ಕಲ್ಲು ಬಯಲಾಗಿದೆ. ಮೂಡಲಗಿ, ಹುಕ್ಕೇರಿಗಳ ಕಡೆಗೆ ಹೋದಂತೆ ಕರಿಕಲ್ಲೂ ಅದರಿಂದಾದ ಎರೆಮಣ್ಣೂ ಅದನ್ನು ಮುಚ್ಚಿವೆ. ನಮ್ಮ ಅಣ್ಣತಮ್ಮಂದಿರ ಕಬ್ಬು ಬೆಳೆಯುವುದು ಆ ಲಾವಾದ ಪುಡಿಯಲ್ಲಿ. ಈ ಕರಿಕಲ್ಲೇ ಅನಿಲಕ್ಕೆ ಮುಚ್ಚಳವಾಗಿರಬಾರದೇಕೆಂದು ಕೆಲವರು ಕೇಳುವರು. ಮುಚ್ಚಳ ಹಾಕುವುದಕ್ಕೆ ಮೊದಲೇ ಪಾತ್ರೆ ಕೋಟ್ಯಂತರ ವರ್ಷ ತೆರೆದಿದ್ದಿತು. ಅದಲ್ಲದೆ ಕರಿಕಲ್ಲಿನ ಮೈತುಂಬ ಬಿರುಕು. ಆ ಬಿರುಕುಗಳಿಂದಲೇ ನಮ್ಮ ಬಾವಿಗಳಿಗೆ ನೀರು ಬರುವುದು.

ಗೋಕಾವಿಯ ಗಟ್ಟಿಕಲ್ಲಿಗೂ ಬಿರುಕಿನ ಕೊರತೆಯಿಲ್ಲ. ೨೦೧೯ರ ಆಗಸ್ಟಿನಲ್ಲಿ ಘಟಪ್ರಭೆಯೂ ಮಾರ್ಕಂಡೇಯವೂ ಉಕ್ಕಿ ಊರನ್ನು ಹೊಕ್ಕುದನ್ನು ಆ ಜನ ಮರೆತಿಲ್ಲ. ಅದೇ ಅಕ್ಟೋಬರಿನ ಮಳೆಗೆ ಊರ ಮೇಲಿನ ಗುಡ್ಡದ ಭಾರಿ ಬಂಡೆಗಳು ಬುಡ ಸಡಿಲಿ ಮನೆಗಳ ಮೇಲೆ ಉರುಳುವ ಭೀತಿಯುಂಟಾಗಿ, ಕೆಳಗಿನ ಜನರು ಮನೆ ಬಿಟ್ಟು ಹೊರಬರಬೇಕಾಯಿತು.

ಭಾರತ ಸರಕಾರದ ಲೆಕ್ಕದಲ್ಲಿ ದೇಶದ ೨೬ ಜಲಜಶಿಲಾ ದ್ರೋಣಿಗಳನ್ನು ಮೂರು ವರ್ಗ ಮಾಡಿರುವರು. ಎಣ್ಣೆ ಅನಿಲಗಳು ಈಗಾಗಲೇ ದೊರೆಯುತ್ತಿರುವುವು ಮೊದಲನೆಯ ವರ್ಗದವು. ಭೀಮಾ-ಕಲಾದಗಿಯು ಮೂರನೆಯ ವರ್ಗದಲ್ಲಿದೆ, ಎಂದರೆ ಊಹೆಯ ಪಂಕ್ತಿಯಲ್ಲಿ. ಶೇಲ್ ಗ್ಯಾಸಿಗಾಗಿ ಮೊದಲು ಗೊತ್ತುಮಾಡಿದ ಕ್ಯಾಂಬೆ, ಕೃಷ್ಣಾ-ಗೋದಾವರಿ, ಕಾವೇರಿ, ದಾಮೋದರ ಕಣಿವೆ ಮೊದಲಾದವುಗಳ ಸಾಲಿನಲ್ಲಿ ಅದು ಇಲ್ಲ. ದೇಶದ ಮೊದಲನೆಯ ಶೇಲ್ ಗ್ಯಾಸು ೨೦೧೧ರ ಜನವರಿಯಲ್ಲಿ ಬಂಗಾಲದ ದುರ್ಗಾಪುರದ ಬಳಿ ಸುಮಾರು ೧,೭೦೦ ಮೀಟರು ಆಳದ ಜೇಡಿಶಿಲೆಯಿಂದ ಹರಿಯಿತು. ಆ ಶಿಲೆ ಕಲ್ಲಿದ್ದಲಿನ ನಾಡಿನದು, ಕಲಾದಗಿಯ ಮುಂದೆ ಹಾಲುಗೂಸು. ಅಂಥ ಅನುಕೂಲವಾದ ಎಡೆಗಳಲ್ಲಿಯೇ ಅಮೆರಿಕದಂತಹ ಸುಗ್ಗಿ ನಮ್ಮಲ್ಲಿ ಆಗಲಿಲ್ಲ. ಮೊದಲ ಪಂಕ್ತಿಯವರಿಗೇ ಎಲೆ ಬೀಳದಿರುವಾಗ ಕೊನೆಯ ಪಂಕ್ತಿಯವರು ಕೈತೊಳೆದು ಕುಳಿತು ಪ್ರಯೋಜನವೇನು?

ನೀರಿನ ವಿಷಯವಾಗಿಯೂ ಎರಡು ಮಾತು ಹೇಳಬೇಕು. ಮನೆಯ ಹೆಂಗಸರು ಮೊದಲು ಕೇಳುವುದು ಅದನ್ನೇ. ಒಂದು ಬಾವಿಯ ಬಂಡೆಯನ್ನು ಬಿರಿಯಿಸಲು ಅಮೆರಿಕದಲ್ಲಿ ೫೭ ಲಕ್ಷದಿಂದ ೬ ಕೋಟಿ ಲೀಟರಿನವರೆಗೆ ನೀರು ಹಿಡಿದಿರುವುದು. ಕೇಳಿದೊಡನೆ ಎದೆ ಧಸಕ್ಕೆನ್ನುವ ಲೆಕ್ಕ. ಆದರೆ ನ್ಯಾಯವಾಗಿ ನೋಡಿದರೆ, ಹುಕ್ಕೇರಿ ತಾಲೂಕಿನ ಹಿಡಕಲ್ಲಿನ ರಾಜಾ ಲಖಮಗೌಡ ಜಲಾಶಯವು ೫೧ ಟಿ.ಎಂ.ಸಿ. ನೀರನ್ನು ಹಿಡಿಯುವುದು, ಆರಾರು ಕೋಟಿ ಲೀಟರು ಕುಡಿಯುವ ೪೭೦ ಬಾವಿಗಳನ್ನು ಕೊರೆದರೆ ಒಂದು ಟಿ.ಎಂ.ಸಿ. ಖರ್ಚಾಗುವುದು. ಕಬ್ಬು ಕುಡಿಯುವ ನೀರಿನ ಮುಂದೆ ಅದು ಹೆಚ್ಚಿನದಲ್ಲ. ಹಾಗಾದರೆ ಭಯಕ್ಕೆ ಕಾರಣವಿಲ್ಲವೇ? ಉಂಟು, ಆದರೆ ಬೇರೆಯದು. ಒಳಗೆ ಹೋದ ನೀರಿನಲ್ಲಿ ಒಂದಂಶವು ತಿರುಗಿ ಮೇಲೆ ಬರುವುದು, ಬರುವಾಗ ಸಮುದ್ರದ ನೀರಿಗಿಂತಲೂ ಉಪ್ಪಾಗಿ, ಬಂಡೆಯೊಳಗಿನ ಲೋಹಗಳನ್ನು ಕರಗಿಸಿಕೊಂಡು ಬರಬಹುದು. ಬೈಲಹೊಂಗಲ ತಾಲೂಕಿನ ದೇಶನೂರಿನ ಬಳಿ ಕಲಾದಗಿ ದ್ರೋಣಿಯ ಮರಳುಗಲ್ಲಿನಲ್ಲಿ ಯುರೇನಿಯಮ್ ಕಂಡುಬಂದಿರುವುದೆಂಬುದನ್ನು ನೆನೆದರೆ ಆ ನೀರನ್ನು ಎಲ್ಲಿ ಚೆಲ್ಲುವರೆಂಬ ಪ್ರಶ್ನೆ ಸಣ್ಣದಲ್ಲ. ಬಿರುಕಿನ ಕರಿಕಲ್ಲಿನ ಮೇಲೆ ಬಾವಿಯ ನೀರು ಕುಡಿಯುವ ಊರುಗಳಿಗೆ ಅದು ಮೊದಲನೆಯ ಪ್ರಶ್ನೆಯಾಗಬೇಕು.

ಇನ್ನು ಬಾವಿಯ ಗುಳ್ಳೆಗಳು. ಮೀಥೇನಿಗೆ ಎರಡು ತೌರುಗಳುಂಟು. ಒಂದು ಆಳದ ಶಾಖ. ಇನ್ನೊಂದು, ಗಾಳಿಯಾಡದ ಕೊಳೆ: ಸೆಗಣಿಯ ಗುಂಡಿ, ಕೆರೆಯ ಹೂಳು, ಕಬ್ಬಿನ ರವದಿ ಬಿದ್ದು ಕೊಳೆತ ಬಾವಿಯ ತಳ. ಆಳದ ಶಾಖದಲ್ಲಿ ಹುಟ್ಟಿದ ಅನಿಲದಲ್ಲಿ ಮೀಥೇನಿನೊಡನೆ ಸಾಮಾನ್ಯವಾಗಿ ಈಥೇನ್, ಪ್ರೋಪೇನ್ ಎಂಬ ಅದರ ಒಡಹುಟ್ಟುಗಳೂ ಬೆರೆತಿರುತ್ತವೆ. ಕೊಳೆಯಲ್ಲಿ ಹುಟ್ಟಿದುದರಲ್ಲಿ ಅವು ಇಲ್ಲವೆನ್ನುವಷ್ಟು ಕಡಿಮೆ. ಪ್ರಯೋಗಶಾಲೆಗೆ ಕಳಿಸಿದರೆ ಇದು ಗೊತ್ತಾಗುವುದು. ಕಡ್ಡಿ ಗೀರಿ ಪರೀಕ್ಷಿಸುವುದು ಶುದ್ಧ ಅವಿವೇಕ. ಎರಡೂ ಒಂದೇ ರೀತಿ ಉರಿಯುವುದರಿಂದ ಅದರಿಂದ ತಿಳಿಯುವುದೇನೂ ಇಲ್ಲ, ಮುಖ ಸುಟ್ಟುಕೊಳ್ಳುವುದೊಂದು ಉಳಿಯುವುದು. ಬಾವಿಗೆ ಇಳಿಯುವ ಮೊದಲು ಕಂದೀಲನ್ನು ಇಳಿಬಿಟ್ಟು ನೋಡುವ ಹಳೆಯ ಪದ್ಧತಿಯೂ ಇಂಥಲ್ಲಿ ಅಪಾಯಕರ. ಅಂಥ ಬಾವಿಯಲ್ಲಿ ಉರಿಯುವ ಅನಿಲವಲ್ಲದೆ ಉಸಿರುಗಟ್ಟಿಸುವ ಅನಿಲವೂ ತುಂಬಿರಬಹುದು. ಒಳಗೆ ಬಿದ್ದವನನ್ನು ಎತ್ತಲು ಹೋಗಿ ಎರಡನೆಯವನು, ಅವನ ಹಿಂದೆ ಮೂರನೆಯವನು ಸತ್ತ ಸುದ್ದಿಯನ್ನು ನಾವು ವರ್ಷವರ್ಷವೂ ಪತ್ರಿಕೆಗಳಲ್ಲಿ ಓದುತ್ತೇವೆ. ಇಳಿಯಲೇಬೇಕಾದರೆ ಮೊದಲು ಯಂತ್ರದಿಂದ ಹೊಸ ಗಾಳಿಯನ್ನು ಬಹ‌ಳ ಹೊತ್ತು ಊದಿಸಿ, ನಡುವಿಗೆ ಹಗ್ಗ ಕಟ್ಟಿ, ಮೇಲೆ ಎಳೆಯುವವರನ್ನು ನಿಲ್ಲಿಸಿಯೇ ಇಳಿಯತಕ್ಕದ್ದು.

ಯಾದಿಯ ಮಾತು ಉಳಿಯಿತು. ಎಣ್ಣೆ ಅನಿಲಗಳನ್ನು ಶೋಧಿಸುವುದು ನಮ್ಮ ದೇಶದಲ್ಲಿ ಸರಕಾರದ ಅನುಮತಿಪತ್ರವಿಲ್ಲದೆ ಆಗದ ಕೆಲಸ. ೧೯೪೮ರ ತೈಲಕ್ಷೇತ್ರಗಳ ಕಾಯಿದೆಗೆ ೨೦೨೫ರಲ್ಲಿ ತಿದ್ದುಪಡಿಯಾಗಿ ಶೇಲ್ ಗ್ಯಾಸೂ ಅದರ ವ್ಯಾಪ್ತಿಯಲ್ಲಿ ಸ್ಪಷ್ಟವಾಗಿ ಸೇರಿದೆ. ಹೊಲದ ಮಾಲಕನಿಗೆ ಹೊಲದ ಬಳಕೆಗಾಗಿ ಪರಿಹಾರ ಸಲ್ಲಬೇಕಾಗುವುದೇ ಹೊರತು ಕೆಳಗಿನ ಅನಿಲ ಅವನದಾಗುವುದಿಲ್ಲ. ಮಾಲಕನು ತಾನೇ ಹಣ ತೆತ್ತು ಹೆಸರು ಹಚ್ಚಿಸಬೇಕಾದ ಯಾದಿಯಂತೂ ಯಾವ ಕಾಯಿದೆಯಲ್ಲಿಯೂ ಇಲ್ಲ.

ಇಷ್ಟನ್ನು ನಾವು ಅಣ್ಣನ ಹೆಸರಿಗೆ ಬರೆದು ಕಳುಹಿಸಿದೆವು. ಮಳೆಗಾಲಕ್ಕೆ ಮುಂಚೆ ಅವರು ಬಾವಿಯ ಹೂಳನ್ನು ಮೇಲಿನಿಂದಲೇ ಯಂತ್ರದಿಂದ ತೆಗೆಸಿದರಂತೆ. ಎರಡಾಳು ಆಳದ ಕಪ್ಪು ರಾಡಿ ಬಂದಿತಂತೆ, ಅದರಲ್ಲಿ ಅರ್ಧ ಕಬ್ಬಿನ ರವದಿ. ಅದನ್ನು ಅರಿಸಿನದ ಮಡಿಗಳಿಗೆ ಹಾಕಿಸಿದರಂತೆ. ಗುಳ್ಳೆಗಳು ಆಮೇಲೆ ಕಾಣಲಿಲ್ಲವೆಂದು ತಮ್ಮನೇ ನಮಗೆ ಬರೆದನು. ಮೂರು ಎಕರೆಯನ್ನು ಹೊರಗಿನವರಿಗೆ ಮಾರಲು ಅಣ್ಣನು ಬಿಡಲಿಲ್ಲ. ಸೀಮೆಯ ದರಕ್ಕೆ ತಾನೇ ಕೊಂಡುಕೊಂಡು, ಅರ್ಧ ಹಣವನ್ನು ಈಗಲೂ ಉಳಿದರ್ಧವನ್ನು ಕಬ್ಬಿನ ಬಿಲ್ಲು ಬಂದ ಮೇಲೂ ಕೊಡುವುದೆಂದು ಕಾಗದವಾಗಿದೆ.